ಅಪ್ಪ ಹಿಂದಿನ ಸೀಟಿನಲ್ಲಿ ಕುಳಿತದ್ದು

ನನ್ನ ಅಪ್ಪ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಂಗಳೂರಿನಲ್ಲಿ ಟೂರಿಸ್ಟ್ ಟ್ಯಾಕ್ಸಿ ಓಡಿಸಿದವರು. ಬೇಲೂರು, ಹಳೇಬೀಡು, ಮೈಸೂರು, ಹಂಪಿ, ಊಟಿ, ಕನ್ಯಾಕುಮಾರಿ ಎಂದು ಜನರನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಗಿ, ಸುರಕ್ಷಿತವಾಗಿ ಅವರವರ ಮನೆಬಾಗಿಲಿಗೆ ತಂದು ಬಿಟ್ಟವರು. ಪ್ರವಾಸ ಮುಗಿಸಿ ದೇರೆಬೈಲಿನ ನಮ್ಮ ಮನೆಗೆ ಅವರು ಬಂದ ಕೂಡಲೇ, ಚಿಕ್ಕವಳಾಗಿದ್ದ ನಾನು ಬೆನ್ನು ಬಿಡದೆ "ಅಲ್ಲಿ ಎಂತ ಉಂಟು ಪಪ್ಪ?" ಎಂದು ಕೇಳುತ್ತಿದ್ದೆ. ಅವರು ಹೇಳುತ್ತಿದ್ದುದು ಹೀಗೆ: "ಹಳೇಬೀಡಿನಲ್ಲಿ ಗಾಡಿ ನಿಲ್ಲಿಸ್ಲಿಕ್ಕೆ ಒಳ್ಳೆ ನೆರಳುಂಟು." "ಮೈಸೂರಲ್ಲಿ ಅರಮನೆಯಿಂದ ಸ್ವಲ್ಪ ಆಚೆ ಒಂದು ನಲ್ಲಿ ಉಂಟು, ಬೆಳಗ್ಗೆ ಬೇಗ ಹೋದ್ರೆ ಸ್ನಾನ ಮಾಡ್ಬಹುದು." "ಊಟಿಯಲ್ಲಿ ಗಾಡಿಯ ಒಳಗೆ ಮಲಗಿದ್ರೆ ಗ್ಲಾಸಿಗೆಲ್ಲ ಮಂಜು ಹಿಡೀತದೆ ಮಗಾ, ಒರೆಸಿ ಒರೆಸಿ ಸಾಕಾಗ್ತದೆ."

ನಮ್ಮ ಮನೆಯ ಮಾತು ತುಳು. ಅಪ್ಪನ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಊರುಗಳೆಂದರೆ ಹೀಗೆಯೇ ಇರುತ್ತವೆ ಎಂದು ನಾನು ಬಹಳ ಕಾಲ ನಂಬಿದ್ದೆ. ಐದನೇ ತರಗತಿಯಲ್ಲಿ ಟೀಚರ್ ಮೈಸೂರಿನ ಪಾಠ ಮಾಡುವಾಗ, ಅರಮನೆಯ ಬಗ್ಗೆ ಯಾರಿಗೆ ಗೊತ್ತು ಎಂದು ಕೇಳಿದರು. ನಾನು ಜಂಬದಿಂದ ಎದ್ದು ನಿಂತು ಆ ನಲ್ಲಿಯ ವಿಷಯ ಹೇಳಿದೆ. ಇಡೀ ತರಗತಿ ನಕ್ಕಿತು. ಮನೆಗೆ ಬಂದು ಅತ್ತೆ. ಅಪ್ಪನೂ ನಕ್ಕರು. ಆಮೇಲೆ ನನ್ನ ತಲೆ ಸವರಿ, "ಅದು ತಪ್ಪಲ್ಲ ಮಗಾ. ಇನ್ನೊಮ್ಮೆ ಹೋಗುವಾಗ ಒಳಗೆ ಎಂತ ಉಂಟು ಅಂತ ಪಾರ್ಟಿಯವರ ಹತ್ರ ಕೇಳಿ ಬರ್ತೇನೆ" ಎಂದರು. ಗಾಡಿ ಬಾಡಿಗೆಗೆ ತೆಗೆದುಕೊಳ್ಳುವವರನ್ನು ಅವರು ಕರೆಯುತ್ತಿದ್ದುದು ಪಾರ್ಟಿ ಎಂದೇ.

ನನ್ನ ಅಜ್ಜನ ಕಾಲದಲ್ಲಿ ನಮ್ಮದು ಗದ್ದೆ ಬೇಸಾಯದ ಕುಟುಂಬ. ಗದ್ದೆ ಪಾಲಾದ ಮೇಲೆ ಅಪ್ಪ ಡ್ರೈವಿಂಗ್ ಕಲಿತರು. ಬಿಳಿ ಬಣ್ಣದ, ಹಳದಿ ಬೋರ್ಡಿನ ಅವರ ಅಂಬಾಸಿಡರ್ ಪಂಪ್‌ವೆಲ್‌ನಲ್ಲಿ ನಿಲ್ಲುತ್ತಿತ್ತು. ಆಗ ಅಲ್ಲಿ ಫ್ಲೈಓವರ್ ಇರಲಿಲ್ಲ. ಬೆಳಗಿನ ಜಾವ ಎದ್ದು, ಬಾವಿಯಿಂದ ನೀರು ಸೇದಿ, ಚಕ್ರದ ಸಂದಿಯ ಮಣ್ಣನ್ನೂ ಬಿಡದೆ ತೊಳೆದು ಹೊರಡುತ್ತಿದ್ದರು. ಇಸ್ತ್ರಿ ಮಾಡದ ಅಂಗಿಯಲ್ಲಿ ಅವರು ಸ್ಟಿಯರಿಂಗ್ ಹಿಡಿದದ್ದನ್ನು ನಾನು ನೋಡಿಲ್ಲ.

ಮನೆಗೆ ಲ್ಯಾಂಡ್‌ಲೈನ್ ಬಂದ ಮೇಲೆ ಅಪ್ಪ ಇಲ್ಲದ ಹೊತ್ತಿನಲ್ಲಿ ಫೋನ್ ತೆಗೆದುಕೊಳ್ಳುವ ಕೆಲಸ ನನ್ನದಾಯಿತು. ಏನೇನು ಕೇಳಬೇಕೆಂದು ಅಪ್ಪ ಕಲಿಸಿಕೊಟ್ಟಿದ್ದರು. ಎಷ್ಟು ಜನ, ಎಷ್ಟು ದಿನ, ಎಲ್ಲಿಂದ ಹತ್ತಿಸಿಕೊಳ್ಳಬೇಕು, ಸಣ್ಣ ಮಕ್ಕಳಿದ್ದಾರಾ, ವಯಸ್ಸಾದವರಿದ್ದಾರಾ. "ವಯಸ್ಸಾದವರಿದ್ರೆ ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸ್ಬೇಕು, ಅವರಾಗಿ ಕೇಳುದಿಲ್ಲ, ನಾಚಿಕೆ. ಮಕ್ಕಳಿದ್ರೆ ಘಾಟಿ ಹತ್ತುವ ಮೊದಲು ಹೊಟ್ಟೆ ತುಂಬ ತಿನ್ನಿಸ್ಬಾರ್ದು ಅಂತ ತಾಯಿಗೆ ಮೊದಲೇ ಹೇಳ್ಬೇಕು." ಮುಂದೆ ಕಾಲೇಜಿನಲ್ಲಿ ಪ್ರವಾಸೋದ್ಯಮದ ಡಿಪ್ಲೊಮಾ ಮಾಡುವಾಗ ಇದೇ ಸಂಗತಿ ದೊಡ್ಡ ದೊಡ್ಡ ಶಬ್ದಗಳಲ್ಲಿ ಒಂದು ಇಡೀ ಅಧ್ಯಾಯವಾಗಿ ಎದುರಾಯಿತು. ನಾನು ಅದನ್ನು ಓದಬೇಕಾಗಿಯೇ ಬರಲಿಲ್ಲ.

ಡಿಪ್ಲೊಮಾ ಮುಗಿಸಿ ಮಂಗಳೂರಿನ ಒಂದು ಹೋಟೆಲಿನ ಟ್ರಾವೆಲ್ ಡೆಸ್ಕಿನಲ್ಲಿ ಕೆಲಸಕ್ಕೆ ಸೇರಿದೆ. ಮಾಲೀಕರು ಹಿಂದೆ ದೊಡ್ಡ ಜಮೀನಿದ್ದ ಮನೆತನದವರು, ಈಗ ಹೋಟೆಲ್ ವ್ಯವಹಾರದಲ್ಲಿದ್ದರು. ಬಿಗಿ ಮನುಷ್ಯ, ಆದರೆ ಕೆಲಸ ಕಲಿಸುವುದರಲ್ಲಿ ಜಿಪುಣತನ ಮಾಡುತ್ತಿರಲಿಲ್ಲ. ವಿಮಾನದ ಟಿಕೆಟ್, ರೈಲಿನ ತತ್ಕಾಲ್, ವೀಸಾದ ಕಾಗದ, ಹೋಟೆಲ್ ಬುಕಿಂಗ್, ಗೈಡ್, ಗಾಡಿ ಎಲ್ಲವನ್ನೂ ಅಲ್ಲಿಯೇ ಕಲಿತೆ. ಹತ್ತು ವರ್ಷ ಕಳೆದ ಮೇಲೆ ಧೈರ್ಯ ಮಾಡಿ ಬಿಜೈಯಲ್ಲಿ, ಬಸ್ ಸ್ಟ್ಯಾಂಡಿನ ಎದುರಿನ ಕಟ್ಟಡದ ಮೊದಲ ಮಹಡಿಯಲ್ಲಿ, ಒಂದೇ ಕೋಣೆಯ ನನ್ನ ಸ್ವಂತ ಆಫೀಸು ತೆರೆದೆ. ಬೋರ್ಡು ಹಾಕುವ ದಿನ ಅಪ್ಪ ಏಣಿ ಹಿಡಿದು ನಿಂತಿದ್ದರು. ಬೋರ್ಡು ನೇರ ಉಂಟಾ ಎಂದು ರಸ್ತೆಯ ಆಚೆ ಹೋಗಿ ನೋಡಿದರು, ಈಚೆ ಬಂದು ನೋಡಿದರು. ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದ ಒಬ್ಬರಿಗೆ ಕೈ ತೋರಿಸಿ, "ಅದು ನನ್ನ ಮಗಳ ಆಫೀಸು" ಎಂದರು. ನನಗೆ ಏಣಿಯ ಮೇಲೆ ಬೋರ್ಡು ಕೂರಿಸುತ್ತಿದ್ದವನ ಎದುರು ನಾಚಿಕೆಯಾಯಿತು, ಒಳಗೊಳಗೆ ಹಿಗ್ಗೂ ಆಯಿತು.

ಎಡಗಣ್ಣಿನ ಪೊರೆ ತೆಗೆಸಿದ ವರ್ಷ ಅಪ್ಪ ಗಾಡಿ ಮಾರಿದರು. ಕೊಂಡುಕೊಂಡವರಿಗೆ ಕೀ ಕೊಡುವಾಗ, "ಇದರಲ್ಲಿ ಕೂತವರಿಗೆ ಒಬ್ಬರಿಗೂ ಒಂದು ಗೀರು ಗಾಯ ಆಗಿಲ್ಲ" ಎಂದಷ್ಟೇ ಹೇಳಿದರು. ಅದು ಸುಳ್ಳಲ್ಲ.

ಆಫೀಸಿನ ಜೊತೆಗೆ ನಾನು ವಾರಕ್ಕೆ ಎರಡು ದಿನ ನಗರದ ಒಂದು ಕಾಲೇಜಿನಲ್ಲಿ ಪ್ರವಾಸೋದ್ಯಮದ ಮೊದಲ ವರ್ಷದವರಿಗೆ ಪಾಠ ಮಾಡುತ್ತೇನೆ. ಈ ವೃತ್ತಿಯ ಮೂಲ ವಿಷಯಗಳು ನನ್ನ ಪಾಲಿಗೆ ಬಂದಿವೆ. ಮೊದಲ ಪಾಠವೇ 'ಪ್ರವಾಸಿ ಯಾರು?' ಎಂಬುದು. ತನ್ನ ದಿನನಿತ್ಯದ ಊರನ್ನು ಬಿಟ್ಟು ಇನ್ನೊಂದು ಊರಿಗೆ ಹೋಗಿ, ಕಡೇಪಕ್ಷ ಒಂದು ರಾತ್ರಿಯಾದರೂ ಅಲ್ಲಿ ತಂಗಿ, ಅಲ್ಲಿ ಸಂಪಾದನೆಯ ಕೆಲಸ ಮಾಡದೆ ಮರಳುವವನು ಪ್ರವಾಸಿ. ಬೋರ್ಡಿನ ಮೇಲೆ ಇಷ್ಟು ಬರೆದು ತಿರುಗುವಷ್ಟರಲ್ಲಿ ಎರಡನೇ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ಮ್ಯಾಮ್, ನನ್ನ ಮಾವ ಟೂರಿಸ್ಟ್ ಬಸ್ಸಿನ ಡ್ರೈವರ್. ವರ್ಷ ಇಡೀ ಟೂರ್‌ನಲ್ಲೇ ಇರ್ತಾರೆ. ಅವರು ಟೂರಿಸ್ಟಾ?"

"ಅಲ್ಲ. ಅವರು ಹೋಗುವುದು ದುಡಿಮೆಗೆ. ಅವರು ಸೇವೆ ಕೊಡುವವರು, ಪ್ರವಾಸಿ ಅಲ್ಲ."

"ಆದ್ರೆ ಅವರು ಎಷ್ಟೋ ಊರು ನೋಡಿದ್ದಾರಲ್ಲ ಮ್ಯಾಮ್?"

"ನೋಡಿದ್ದಾರಾ ಅಂತ ಅವರ ಹತ್ತಿರವೇ ಕೇಳಿ ಬಾ" ಎಂದು ನಾನು ಹಗುರವಾಗಿ ಹೇಳಿ ಮುಂದಿನ ಪುಟಕ್ಕೆ ಹೋದೆ.

ಮುಂದಿನ ತರಗತಿಯಲ್ಲಿ ಹಾಜರಿ ಕರೆಯುವ ಮೊದಲೇ ಆ ಹುಡುಗಿ ಎದ್ದು ನಿಂತಳು. "ಮಾವನ ಹತ್ರ ಕೇಳಿದೆ ಮ್ಯಾಮ್. ಎಲ್ಲ ಕಡೆ ಹೋಗಿದ್ದಾರಂತೆ. ಒಂದೂ ನೋಡಿಲ್ಲವಂತೆ."

ಆ ದಿನ ಪಾಠ ಹೇಗೋ ಮುಗಿಸಿದೆ. ಸ್ಕೂಟರಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಒಂದೇ ಪ್ರಶ್ನೆ. ಇಷ್ಟು ವರ್ಷದಲ್ಲಿ ನಾನು ನನ್ನ ಅಪ್ಪನ ಹತ್ತಿರ ಇದನ್ನು ಯಾಕೆ ಕೇಳಲಿಲ್ಲ?

ಅಪ್ಪ ಜಗಲಿಯಲ್ಲಿ ಪೇಪರ್ ಹಿಡಿದು ಕುಳಿತಿದ್ದರು. ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ಪಪ್ಪ, ನೀವು ಬೇಲೂರು ದೇವಸ್ಥಾನದ ಒಳಗೆ ಹೋಗಿದ್ದೀರಾ?"

"ಎಂತಕ್ಕೆ?"

"ಸುಮ್ನೆ ಕೇಳಿದ್ದು."

"ಗಾಡಿ ಬಿಟ್ಟು ಹೇಗೆ ಹೋಗುದು ಮಾರಾಯ್ತಿ? ಪಾರ್ಟಿಯವರ ಬ್ಯಾಗು, ಚಿನ್ನ, ಎಲ್ಲ ಡಿಕ್ಕಿಯಲ್ಲಿ ಇರ್ತದೆ. ಮತ್ತೆ ಅವರು ಬರುವಷ್ಟರಲ್ಲಿ ಒಂದು ಸಣ್ಣ ನಿದ್ದೆ ಆಗ್ಬೇಕು. ಇಲ್ಲದಿದ್ರೆ ವಾಪಸು ಘಾಟಿ ಇಳೀಲಿಕ್ಕೆ ಆಗುದಿಲ್ಲ."

"ಹಳೇಬೀಡು?"

"ಅದೂ ಹಾಗೇ."

ಅಡಿಗೆಮನೆಯಿಂದ ಅಮ್ಮನ ಧ್ವನಿ ಬಂತು. "ನಾನು ಎರಡೂ ನೋಡಿದ್ದೇನೆ. ಮಹಿಳಾ ಮಂಡಲದ ಬಸ್ಸಲ್ಲಿ. ಇವರು ಮಾತ್ರ ಇಲ್ಲ."

ಅಪ್ಪನನ್ನು ಪ್ರವಾಸ ಕರೆದುಕೊಂಡು ಹೋಗಬೇಕೆಂದು ನಾನು ನಿರ್ಧರಿಸಿದ್ದು ಆ ಕ್ಷಣದಲ್ಲಿ. ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಸುಮ್ಮನೆ ಸುತ್ತಿಸಿ ತರುವುದಲ್ಲ. ನನ್ನ ಆಫೀಸಿಗೆ ಬರುವ ಯಾವುದೇ ಗಿರಾಕಿಗೆ ಮಾಡಿಕೊಡುವ ಹಾಗೆ ಪೂರ್ತಿ ವ್ಯವಸ್ಥೆಯಾಗಬೇಕು. ಗಾಡಿ, ಡ್ರೈವರ್, ಹೋಟೆಲ್, ಗೈಡ್, ಎಲ್ಲ.

ಅಪ್ಪ ಒಪ್ಪಲು ವಾರ ಹಿಡಿಯಿತು. "ನನಗೆಂತ ಟೂರು? ಜನ ನಗಾಡ್ತಾರೆ" ಎಂದರು. ಅಮ್ಮ ಸೀರೆ ತೆಗೆದಿಟ್ಟು ಚೀಲ ಕಟ್ಟತೊಡಗಿದ ಮೇಲೆ ಅವರಿಗೆ ಬೇರೆ ದಾರಿ ಇರಲಿಲ್ಲ. ಎರಡು ದಿನದ ಕಾರ್ಯಕ್ರಮವನ್ನು ಮುದ್ರಿಸಿ ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಮೇಲಿನ ಸಾಲಿನಲ್ಲೇ ತಪ್ಪು ಹಿಡಿದರು. "ಐದು ಗಂಟೆಗೆ ಹೊರಡ್ಲಿಕ್ಕಿಲ್ಲ. ಚಾರ್ಮಾಡಿಯಲ್ಲಿ ಆ ಹೊತ್ತಿಗೆ ಮಂಜು, ದಾರಿ ಕಾಣುದಿಲ್ಲ. ಆರು ಮಾಡು." ಹದಿನೈದು ವರ್ಷ ಈ ಕೆಲಸ ಮಾಡಿದ ನಾನು ಸುಮ್ಮನೆ ಆರು ಮಾಡಿದೆ.

ಡ್ರೈವರ್ ನನ್ನ ಆಫೀಸಿನ ಗಾಡಿಗಳನ್ನು ಓಡಿಸುವವರೇ. ಮಸ್ಕತ್‌ನಲ್ಲಿ ಎಂಟು ವರ್ಷ ಟ್ರೇಲರ್ ಓಡಿಸಿ ಊರಿಗೆ ಬಂದು ನೆಲೆಸಿದ, ಎರಡು ಮಕ್ಕಳ ತಂದೆ. ಬೆಳಗ್ಗೆ ಆರಕ್ಕೆ ಸರಿಯಾಗಿ ಅಂಗಳಕ್ಕೆ ಬಂದು, ಹಿಂದಿನ ಬಾಗಿಲು ತೆರೆದು, "ಅಣ್ಣ, ಕೂತ್ಕೊಳ್ಳಿ" ಎಂದರು. ಅಪ್ಪ ಒಂದು ಸಲ ಗಾಡಿಯ ಸುತ್ತ ಬಂದು ನಾಲ್ಕು ಟಯರುಗಳನ್ನೂ ಕಾಲಿನಿಂದ ಒತ್ತಿ ನೋಡಿದರು. ಆಮೇಲೆ ಮುಂದಿನ ಬಾಗಿಲಿಗೆ ಕೈ ಹಾಕಿದರು.

"ಹಿಂದೆ ಪಪ್ಪ" ಎಂದೆ.

"ಹಿಂದೆ ಕೂತ್ರೆ ರೋಡು ಕಾಣುದಿಲ್ಲ."

"ರೋಡು ನೋಡ್ಲಿಕ್ಕೆ ಅವರಿದ್ದಾರೆ. ನೀವು ಇವತ್ತು ಪಾರ್ಟಿ."

ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಅಪ್ಪ ಹಿಂದಿನ ಸೀಟಿನಲ್ಲಿ, ಅಮ್ಮನ ಪಕ್ಕ, ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮಂಡಿಯ ಮೇಲೆ ಇಟ್ಟುಕೊಂಡು ಕುಳಿತರು. ನಾನು ಮುಂದೆ ಕುಳಿತೆ. ಉಜಿರೆ ದಾಟುವವರೆಗೆ ಸುಮ್ಮನಿದ್ದರು. ಘಾಟಿಯ ತಿರುವುಗಳು ಶುರುವಾದ ಮೇಲೆ ಅವರ ಬಲಗಾಲು ತನ್ನಷ್ಟಕ್ಕೆ ಚಾಪೆಯನ್ನು ಒತ್ತತೊಡಗಿತು. ಪ್ರತಿ ತಿರುವಿಗೂ ಒಂದು ಒತ್ತು.

"ಅಣ್ಣ, ಬ್ರೇಕ್ ನನ್ನ ಹತ್ರ ಉಂಟು" ಎಂದು ಡ್ರೈವರ್ ಕನ್ನಡಿಯಲ್ಲಿ ನೋಡಿ ನಕ್ಕರು.

"ಗೊತ್ತುಂಟು ಮಾರಾಯ. ಕಾಲು ಕೇಳುದಿಲ್ಲ ಎಂತ ಮಾಡುದು?"

ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸಿ, ಅಮ್ಮ ಕೇದಗೆ ಎಲೆಯಲ್ಲಿ ಬೇಯಿಸಿ ಮನೆಯಿಂದ ತಂದಿದ್ದ ಮೂಡೆ ಇಡ್ಲಿಯನ್ನೂ ಚಟ್ನಿಯನ್ನೂ ನಾಲ್ವರೂ ಒಂದೇ ಕಡೆ ಕುಳಿತು ತಿಂದೆವು. ಘಾಟಿ ದಾಟಿದ ಮೇಲೆ ಅಪ್ಪನ ಕಾಲು ಸ್ವಲ್ಪ ಸುಮ್ಮನಾಯಿತು. ಕಿಟಕಿಯ ಗಾಜು ಇಳಿಸಿ, ಕಾಫಿ ತೋಟಗಳನ್ನು ನೋಡುತ್ತಾ, "ಈ ದಾರಿಯಲ್ಲಿ ಇಷ್ಟು ಹಕ್ಕಿ ಉಂಟಾ!" ಎಂದರು.

ಬೇಲೂರಿನಲ್ಲಿ ಗಾಡಿ ನಿಲ್ಲುವ ಜಾಗಕ್ಕೆ ಬಂದದ್ದೇ ತಡ, ಎಳನೀರು ಮಾರುವ ಹೆಂಗಸೊಬ್ಬಳು ಕತ್ತಿ ಹಿಡಿದುಕೊಂಡೇ ಓಡಿ ಬಂದಳು. "ಏನಣ್ಣಾ, ಬಾಳ ದಿನ ಆಯ್ತಲ್ಲ ಈ ಕಡೆ ಬಂದು! ಪಾರ್ಟಿಯೋರು ಎಲ್ಲವ್ರೆ?"

ಅಪ್ಪ ಒಂದು ಗಳಿಗೆ ತಡವರಿಸಿ, ನನ್ನ ಮುಖ ನೋಡಿ, "ಇವತ್ತು ನಾನೇ ಪಾರ್ಟಿ" ಎಂದರು. ಆ ಹೆಂಗಸು ಬಾಯಿಗೆ ಸೆರಗು ಹಿಡಿದು ನಕ್ಕು, ಇದ್ದುದರಲ್ಲೇ ದೊಡ್ಡ ಎಳನೀರು ಆರಿಸಿ ಕೆತ್ತಿಕೊಟ್ಟಳು.

ಎಳನೀರು ಕುಡಿದು ನಾನೂ ಅಮ್ಮನೂ ಗೋಪುರದ ಕಡೆ ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಅಪ್ಪ ಗಾಡಿಯ ಬಾನೆಟ್ಟಿಗೆ ಒರಗಿ ನಿಂತಿದ್ದಾರೆ. "ನೀವು ನೋಡಿ ಬನ್ನಿ" ಎಂದು ಕೈ ಬೀಸಿದರು. ಬೇಕೆಂದು ಮಾಡಿದ್ದಲ್ಲ. ಆ ಜಾಗದಲ್ಲಿ ಅವರ ಮೈ ಅಷ್ಟು ವರ್ಷ ಮಾಡಿದ್ದನ್ನೇ ಮಾಡಿತ್ತು. ಡ್ರೈವರ್ ಬಂದು ಅವರ ಭುಜ ಮುಟ್ಟಿ, "ಗಾಡಿಗೆ ನಾನಿದ್ದೇನಲ್ಲ ಅಣ್ಣ. ನೀವು ಹೋಗಿ" ಎಂದರು. ಆಗ ಅಪ್ಪನಿಗೆ ಅರಿವಾಯಿತು. ಚಪ್ಪಲಿ ಬಿಟ್ಟು, ಗೋಪುರದ ಹೊಸ್ತಿಲ ಹತ್ತಿರ ಅಮ್ಮನ ಕೈ ಹಿಡಿದುಕೊಂಡು ಒಳಗೆ ಕಾಲಿಟ್ಟರು.

ನಾನು ಗೊತ್ತುಮಾಡಿದ್ದ ಗೈಡ್ ತಲೆ ನರೆತ ಹಿರಿಯರು. ದೇವಸ್ಥಾನದ ಜಗಲಿಯ ಕಲ್ಲು ಆಗಲೇ ಬಿಸಿಲಿಗೆ ಕಾಯತೊಡಗಿತ್ತು, ನಾವು ನೆರಳು ಹುಡುಕುತ್ತಾ ನಡೆಯುತ್ತಿದ್ದೆವು. ಗೈಡ್ ಕತೆ ಶುರು ಮಾಡಿದರೆ ಅಪ್ಪ ಅದನ್ನು ಮುಗಿಸುತ್ತಿದ್ದರು. ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಒಳಗಿನ ಕಡೆದ ಕಂಬಗಳು, ಗಿಳಿಯೊಡನೆ ಮಾತಾಡುವವಳು, ಕೂದಲು ಹಿಂಡುವವಳು, ಎಲ್ಲವೂ ಅವರಿಗೆ ಗೊತ್ತು. ಗೈಡ್ ಬೆರಗಾಗಿ, "ತಾವು ತುಂಬ ಸಲ ಬಂದಿದೀರಿ ಅನ್ಸುತ್ತೆ" ಎಂದರು.

"ಇಲ್ಲ, ಇದೇ ಮೊದಲು" ಎಂದರು ಅಪ್ಪ. "ವಾಪಸು ಹೋಗುವಾಗ ಹಿಂದಿನ ಸೀಟಿನವರು ಮಾತಾಡ್ತಾರಲ್ಲ, ಅದನ್ನು ಕೇಳಿ ಗೊತ್ತು."

ಸ್ಟಿಯರಿಂಗ್ ಹಿಡಿದುಕೊಂಡೇ, ಬೇರೆಯವರ ಬಾಯಿಂದ, ತುಂಡು ತುಂಡಾಗಿ ಕೇಳಿದ್ದನ್ನು ಜೋಡಿಸಿ ಅವರು ತಮ್ಮೊಳಗೆ ಒಂದು ದೇವಸ್ಥಾನವನ್ನೇ ಕಟ್ಟಿಕೊಂಡಿದ್ದರು.

"ಕನ್ನಡಿ ಹಿಡಿದವಳು ಎಲ್ಲಿದ್ದಾಳೆ?" ಎಂದು ಅವರೇ ಕೇಳಿದರು. "ಎಲ್ಲರೂ ಅವಳ ವಿಷಯವೇ ಮಾತಾಡುದು."

ಗೈಡ್ ಮೇಲೆ ಬೆರಳು ಮಾಡಿ ತೋರಿಸಿದರು. ಸೂರಿನ ಕೆಳಗೆ, ಕೈಯಲ್ಲಿ ಕನ್ನಡಿ ಹಿಡಿದು, ಸೊಂಟ ಬಳುಕಿಸಿ ನಿಂತವಳನ್ನು ಅಪ್ಪ ತಲೆ ಎತ್ತಿ ನೋಡಿದರು. "ಇಷ್ಟು ಸಣ್ಣದಾ?" ಎಂದರು. "ಅವರೆಲ್ಲ ಹೇಳುದು ಕೇಳಿ ನಾನು ಆಳೆತ್ತರ ಉಂಟು ಅಂತ ಎಣಿಸಿದ್ದೆ." ಹೇಳಿದರೇ ಹೊರತು ಅಲ್ಲಿಂದ ಅಲುಗಲಿಲ್ಲ. ಪೊರೆ ತೆಗೆಸಿದ ಕಣ್ಣಿನಿಂದ ಒಮ್ಮೆ, ಎರಡೂ ಕಣ್ಣಿನಿಂದ ಒಮ್ಮೆ, ಆಚೆಯಿಂದ, ಈಚೆಯಿಂದ ನೋಡಿದರು. ಬೆರಳುಗಳ ಸಂದಿ, ಕಿವಿಯ ಓಲೆ, ಮೇಲಿನ ಬಳ್ಳಿಯ ಎಲೆ ಒಂದೊಂದನ್ನೂ ಅಮ್ಮನಿಗೆ ತೋರಿಸಿದರು. ಅಮ್ಮ, "ನಾನು ಆವತ್ತು ಇದನ್ನೆಲ್ಲ ನೋಡ್ಲೇ ಇಲ್ಲ, ಬಸ್ಸು ಹೋಗ್ತದೆ ಅಂತ ಓಡಿದ್ದು" ಎಂದರು. ಇನ್ನೊಂದು ಗುಂಪು ಕಾಯುತ್ತಿದ್ದರೂ ಆ ಗೈಡ್ ಅವಸರ ಮಾಡಲಿಲ್ಲ. ಪುಣ್ಯಾತ್ಮ.

ಸಂಜೆ ಬೆಳಕಿರುವಾಗಲೇ ಹೋಟೆಲ್ ತಲುಪಿದೆವು. ನಾನು ಮೊದಲೂ ಅನೇಕ ಗಿರಾಕಿಗಳನ್ನು ಕಳಿಸಿದ್ದ ಹೋಟೆಲ್. ರಿಸೆಪ್ಷನ್ನಿನವರು ಗುರುತು ಹಿಡಿದು ನಗುತ್ತಾ ಎರಡು ಕೋಣೆಗಳ ಕೀ ಕೊಟ್ಟರು. ಅಪ್ಪ ಕೌಂಟರಿನ ಪಕ್ಕ ನಿಂತು, "ನಮ್ಮ ಡ್ರೈವರಿಗೆ ಎಲ್ಲಿ?" ಎಂದರು.

"ಡ್ರೈವರ್‌ಗೆ ರೂಮ್ ಇರಲ್ಲ ಸರ್. ಗಾಡಿಯಲ್ಲೇ ಮಲಗ್ತಾರೆ, ಎಲ್ಲ ಕಡೆ ಹಾಗೇ."

ಅಪ್ಪ ಜೇಬಿನಿಂದ ನಾನು ಮುದ್ರಿಸಿ ಕೊಟ್ಟ ಕಾಗದ ತೆಗೆದು ಬಿಡಿಸಿದರು. ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ದರದಲ್ಲಿ ಸೇರಿಲ್ಲದ ಸಂಗತಿಗಳ ಪಟ್ಟಿ. ಅದರಲ್ಲಿ ಮೂರನೆಯದು: ಚಾಲಕರ ವಸತಿ. ಅವರು ಆ ಸಾಲಿನ ಮೇಲೆ ಬೆರಳಿಟ್ಟು ನನ್ನನ್ನು ನೋಡಿದರು.

"ಇದು ನೀನೇ ಮಾಡಿದ ಕಾಗದವಾ ಮಗಾ?"

ಆ ಸಾಲು ನಾನು ಬರೆದದ್ದಲ್ಲ. ಹಳೆಯ ಕೆಲಸದಿಂದ ಹಾಗೆಯೇ ಎತ್ತಿಕೊಂಡು ಬಂದ ನಮೂನೆ. ಎಲ್ಲ ಆಫೀಸುಗಳಲ್ಲೂ ಅದೇ. ಆದರೆ ಕಾಗದದ ಮೇಲ್ಗಡೆ ನನ್ನ ಆಫೀಸಿನ ಹೆಸರಿತ್ತು. ಊಟಿಯಲ್ಲಿ ಗಾಡಿಯ ಗಾಜು ಒರೆಸುತ್ತಾ ಬೆಳಗು ಮಾಡಿದವರ ಮಗಳು ನಾನು, ಹದಿನೈದು ವರ್ಷ ಆ ಸಾಲನ್ನು ಓದದೆ ಮುದ್ರಿಸುತ್ತಾ ಬಂದಿದ್ದೆ.

ಬ್ಯಾಗು ತರುತ್ತಿದ್ದ ಡ್ರೈವರ್ ವಿಷಯ ತಿಳಿದು ಮುಜುಗರಪಟ್ಟರು. "ಬಿಡಿ ಅಕ್ಕ, ಮಂಡೆ ಬಿಸಿ ಮಾಡ್ಬೇಡಿ. ನಂಗೆ ಅಭ್ಯಾಸ ಉಂಟು."

"ಅಭ್ಯಾಸ ಉಂಟು ಅಂತ ನಾನೂ ಎಲ್ಲರ ಹತ್ರ ಹೇಳಿದ್ದೇನೆ" ಎಂದರು ಅಪ್ಪ. ಧ್ವನಿ ಏರಲಿಲ್ಲ. "ಅಭ್ಯಾಸ ಎಂತದೂ ಆಗುದಿಲ್ಲ. ಬೆನ್ನು ನೋಯ್ತದೆ, ಅಷ್ಟೇ."

ನಾನು ಮ್ಯಾನೇಜರನ್ನು ಕರೆಸಿದೆ. ಬೇರೆ ಕೋಣೆ ಖಾಲಿ ಇಲ್ಲ ಎಂದರು. "ಹಾಗಾದ್ರೆ ಈ ಎರಡರಲ್ಲಿ ಒಂದನ್ನು ನಮ್ಮ ಡ್ರೈವರ್ ಹೆಸರಿಗೆ ಬರೆಯಿರಿ. ಇನ್ನೊಂದಕ್ಕೆ ಒಂದು ಹಾಸಿಗೆ ಹೆಚ್ಚು ಹಾಕಿ, ನಾವು ಮೂವರು ಅದರಲ್ಲಿ ಇರ್ತೇವೆ" ಎಂದೆ. ಮ್ಯಾನೇಜರ್ ನನ್ನನ್ನು ವಿಚಿತ್ರವಾಗಿ ನೋಡಿದರು, ಆದರೆ ಬರೆದುಕೊಂಡರು. ಡ್ರೈವರ್ ಬೇಡ ಬೇಡ ಎನ್ನುತ್ತಿದ್ದಂತೆಯೇ ಅಪ್ಪ ಗಾಡಿಯಿಂದ ಅವರ ಚೀಲ ತಂದು, ಆ ಕೋಣೆಯ ಮಂಚದ ಮೇಲಿಟ್ಟು, ಫ್ಯಾನು ಹಾಕಿ ಬಂದರು.

ಮರುದಿನ ಹಳೇಬೀಡು ನೋಡಿ ಊರ ದಾರಿ ಹಿಡಿದೆವು. ಘಾಟಿ ಇಳಿಯುವಾಗ ಅಪ್ಪನ ಕಾಲಿನ ಕಡೆ ಕದ್ದು ನೋಡಿದೆ. ಸುಮ್ಮನಿತ್ತು. "ಇವತ್ತು ಗೇರು ಭಾರೀ ನಯ ಬೀಳ್ತಾ ಉಂಟು" ಎಂದರು ಡ್ರೈವರಿಗೆ. "ನಿದ್ದೆ ಆಗಿದೆ, ಅಲ್ವಾ?"

"ಆಗಿದೆ ಅಣ್ಣ" ಎಂದರು ಅವರು.

ಸೋಮವಾರ ಆಫೀಸಿಗೆ ಹೋಗಿ ಮೊದಲು ಮಾಡಿದ ಕೆಲಸ ಆ ಸಾಲನ್ನು ತೆಗೆದು ಹಾಕಿದ್ದು. ಆಮೇಲೆ, ನಾನು ಗಿರಾಕಿಗಳನ್ನು ಕಳಿಸುವ ಹೋಟೆಲುಗಳಿಗೆ ಒಂದೊಂದಾಗಿ ಫೋನ್ ಮಾಡಿದೆ. ಡ್ರೈವರಿಗೆ ಮಲಗಲು ಒಂದು ಮಂಚ, ಸ್ನಾನಕ್ಕೆ ಒಂದು ಜಾಗ ಇದ್ದರೆ ಮಾತ್ರ ನನ್ನ ಆಫೀಸಿನ ಗಿರಾಕಿಗಳು ಬರುತ್ತಾರೆ ಎಂದೆ. ಕೆಲವರು ನಕ್ಕರು. ಕೆಲವರು "ಬೇರೆ ಯಾರೂ ಕೇಳುದಿಲ್ಲ ಮೇಡಂ" ಎಂದರು. ಗಿರಾಕಿಗಳಲ್ಲೂ ಮುನಿಸಿಕೊಂಡವರಿದ್ದರು. ನಮ್ಮ ಹಳೆಯ ಗಿರಾಕಿಯೊಬ್ಬರು ಎದುರಿನ ಕುರ್ಚಿಯಲ್ಲಿ ಕುಳಿತು, "ಡ್ರೈವರಿಗೆ ರೂಮೆಲ್ಲ ನಾವು ಯಾಕೆ ನೋಡ್ಬೇಕು?" ಎಂದು ಕೇಳಿದಾಗ ನಾನು ಹೇಳಿದೆ: "ಘಾಟಿ ಇಳಿಯುವಾಗ ಹಿಂದಿನ ಸೀಟಲ್ಲಿ ನಿಮ್ಮ ಮೊಮ್ಮಕ್ಕಳು ಇರ್ತಾರೆ ಸರ್. ಮುಂದಿನ ಸೀಟಿನವರು ಚೆನ್ನಾಗಿ ನಿದ್ದೆ ಮಾಡಿರ್ಬೇಕೋ ಬೇಡವೋ?" ಅವರು ಬುಕ್ ಮಾಡಿದರು. ಇನ್ನು ಕೆಲವರು ಪಕ್ಕದ ಕಟ್ಟಡದ ಆಫೀಸಿಗೆ ಹೋದರು. ಹೋಗಲಿ ಎಂದು ಬಿಟ್ಟೆ.

ಅಪ್ಪ ಅದೇ ತಿಂಗಳಿನಿಂದ ಬೆಳಗಿನ ಹೊತ್ತು ನನ್ನ ಆಫೀಸಿಗೆ ಬರತೊಡಗಿದರು. ಹಳೆಯ ಪರಿಚಯದ ಡ್ರೈವರುಗಳಿಗೆ ಫೋನ್ ಮಾಡಿ, ಯಾವ ಊರಿನ ಯಾವ ಹೋಟೆಲಿನಲ್ಲಿ ಚಾಲಕರಿಗೆ ಎಂತಹ ಜಾಗ ಕೊಡುತ್ತಾರೆಂದು ಕೇಳಿ, ಒಂದು ನೋಟುಬುಕ್ಕಿನಲ್ಲಿ ಬರೆಯುತ್ತಾರೆ. ಸೊಳ್ಳೆ ಉಂಟಾ, ಬಾಗಿಲಿಗೆ ಚಿಲಕ ಉಂಟಾ, ಬೆಳಗ್ಗೆ ಚಹಾ ಎಷ್ಟು ಗಂಟೆಗೆ ಸಿಗುತ್ತದೆ. ಈಗ ನನ್ನ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಆಫೀಸಿಗೆ ಬಂದರೆ ನಾನು ಕಂಪ್ಯೂಟರಿನ ಮುಂದೆ ಕೂರಿಸುವುದಿಲ್ಲ. ಅಪ್ಪನ ಮುಂದೆ ಕೂರಿಸುತ್ತೇನೆ. ಅವರು ಹೇಳುವುದನ್ನು ಮಕ್ಕಳು ಬರೆದುಕೊಳ್ಳುವುದನ್ನು ನೋಡುತ್ತಾ ನನ್ನ ಕೈಯ ಕೆಲಸ ಆಗಾಗ ನಿಂತುಹೋಗುತ್ತದೆ.

ಹೋದ ಮಳೆಗಾಲದ ಕೊನೆಯಲ್ಲಿ ನನ್ನ ಹಳೆಯ ಮಾಲೀಕರು ಫೋನ್ ಮಾಡಿದರು. "ನಿನ್ನ ವಿಷಯ ಎಲ್ಲ ಕೇಳಿದೆ. ನೀನು ಈಗ ನನ್ನ ಹೋಟೆಲಿಗೆ ಗಿರಾಕಿ ಕಳಿಸುದಿಲ್ಲವಂತೆ, ಹೌದಾ?"

"ಡ್ರೈವರುಗಳಿಗೆ ಜಾಗ ಇಲ್ಲವಲ್ಲ ಸರ್" ಎಂದೆ.

"ಈಗ ಉಂಟು. ಹಿಂದಿನ ಗೋಡೌನು ಖಾಲಿ ಮಾಡಿ ರೂಮ್ ಮಾಡಿಸಿದ್ದೇನೆ. ಸರಿ ಉಂಟಾ ಇಲ್ವಾ ಅಂತ ನೋಡ್ಲಿಕ್ಕೆ ನಿನ್ನ ತಂದೆಯವರನ್ನು ಕರ್ಕೊಂಡು ಬಾ. ನೀನು ನೋಡುದು ಬೇಡ, ನಿಂಗೆ ಗೊತ್ತಾಗುದಿಲ್ಲ. ಅವರು ನೋಡ್ಬೇಕು."

ಅಪ್ಪ ಇಸ್ತ್ರಿ ಅಂಗಿ ಹಾಕಿ ಹೊರಟರು. ಮಾಲೀಕರು ಸ್ವತಃ ಹೊರಗೆ ಬಂದು, "ಬನ್ನಿ, ಬನ್ನಿ" ಎಂದು ಕೈ ಹಿಡಿದು ಕರೆದುಕೊಂಡು ಹೋದರು. ಆರು ಮಂಚಗಳ, ಹೊಸ ಸುಣ್ಣದ ವಾಸನೆಯ ಉದ್ದನೆಯ ಕೋಣೆ. ಅಪ್ಪ ಅವಸರ ಮಾಡಲಿಲ್ಲ. ಕಿಟಕಿ ತೆರೆದು ನೋಡಿದರು. ಸ್ನಾನದ ಮನೆಗೆ ಹೋಗಿ ಬಂದರು. ಆಮೇಲೆ ಚಪ್ಪಲಿ ಬಿಟ್ಟು, ಒಂದು ಮಂಚದ ಮೇಲೆ ಉದ್ದಕ್ಕೆ ಮಲಗಿ, ಕಣ್ಣು ಮುಚ್ಚಿಕೊಂಡರು. ನಾವಿಬ್ಬರೂ ಬಾಗಿಲ ಬಳಿ ನಿಂತು ಕಾದೆವು. ಮಾಲೀಕರು ಪರೀಕ್ಷೆ ಬರೆದ ಹುಡುಗನ ಹಾಗೆ ನಿಂತಿದ್ದರು.

"ಹಾಸಿಗೆ ಲಾಯ್ಕ ಉಂಟು" ಎಂದು ಅಪ್ಪ ಎದ್ದು ಕುಳಿತರು. "ಆದ್ರೆ ಬಟ್ಟೆ ಒಣಗಿಸ್ಲಿಕ್ಕೆ ಹಗ್ಗ ಇಲ್ಲ. ಮಳೆಗಾಲದಲ್ಲಿ ಡ್ರೈವರ್ ಒದ್ದೆ ಅಂಗಿ ಎಲ್ಲಿ ಹಾಕುದು? ಮತ್ತೆ, ಮೊಬೈಲ್ ಚಾರ್ಜಿಗೆ ಒಂದೇ ಪ್ಲಗ್ ಉಂಟು. ಆರು ಜನ ಜಗಳ ಮಾಡ್ತಾರೆ."

"ಬರ್ಕೊಳ್ತೇನೆ" ಎಂದು ಮಾಲೀಕರು ಫೋನು ತೆಗೆದು, ಕನ್ನಡಕ ಸರಿ ಮಾಡಿಕೊಂಡು, ಎರಡನ್ನೂ ತಾವೇ ಬರೆದುಕೊಂಡರು.

ಅಷ್ಟರಲ್ಲಿ ಇಬ್ಬರು ಡ್ರೈವರುಗಳು ಚೀಲ ಹಿಡಿದು ಬಾಗಿಲಲ್ಲಿ ಬಂದು ನಿಂತರು. ಹುಬ್ಬಳ್ಳಿ ಕಡೆಯ ಗಾಡಿ ತಂದವರು. ನಮ್ಮ ಮೂವರಲ್ಲಿ ಯಾರನ್ನು ಕೇಳಬೇಕೆಂದು ತೋಚದೆ, ಮಂಚದ ಮೇಲೆ ಕುಳಿತಿದ್ದ ಅಪ್ಪನನ್ನೇ ಕೇಳಿದರು. "ಡ್ರೈವರ್‌ಗಳಿಗೆ ಮಲಗಾಕ ಇಲ್ಲೇನ್ರಿ?"

ಅಪ್ಪ ಎದ್ದು, ತಾವು ಮಲಗಿದ್ದ ಹಾಸಿಗೆಯ ಹೊದಿಕೆಯನ್ನು ಕೈಯಿಂದ ನೇರ ಮಾಡಿದರು.

"ಹೌದು, ಬನ್ನಿ ಒಳಗೆ. ಕಿಟಕಿ ಹತ್ರದ ಎರಡು ಮಂಚ ತೆಕ್ಕೊಳ್ಳಿ, ಅಲ್ಲಿ ಗಾಳಿ ಲಾಯ್ಕ ಬರ್ತದೆ" ಎಂದರು.